ಬ್ಯಾರನ್ ಮುಂದೆ ಎಣಿಸಿದ ಪುಟಗಳು

2017ರ ಆಗಸ್ಟ್‌ನಲ್ಲಿ ಅಪ್ಪ ಹೊಗೆಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ ಒಳಗೆ ಮೇಲಿನ ಅಟ್ಟಣೆಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನಮ್ಮ ಬಿಳಿಕೆರೆ ಸುತ್ತ ಅದು ಸೊಪ್ಪು ಬೇಯಿಸುವ ಕಾಲ. ಮುರಿದ ಸೊಪ್ಪು ಯಾರ ಕಾಲು ವಾಸಿಯಾಗಲಿ ಎಂದೂ ಕಾಯುವುದಿಲ್ಲ. ಕಂಪನಿಯಲ್ಲಿ ಕೇಳಿಕೊಂಡು, ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಊರಿಗೆ ಬಂದೆ. ರಾತ್ರಿ ಬ್ಯಾರನ್‌ಗೆ ಸೌದೆ ಹಾಕುವುದು, ಹಗಲು ಕಂಪನಿ ಕೆಲಸ ಎಂದು ಲೆಕ್ಕ ಹಾಕಿದ್ದೆ. ಆದದ್ದೇ ಬೇರೆ.

ನನ್ನ ಕೆಲಸ ವರ್ಚುವಲ್ ಸರ್ವರ್‌ಗಳ ಉಸ್ತುವಾರಿ. ಒಂದೇ ದೊಡ್ಡ ಯಂತ್ರದೊಳಗೆ ಹತ್ತಾರು ಯಂತ್ರಗಳು ಬೇರೆಬೇರೆಯಾಗಿ ಇವೆಯೇನೋ ಎಂಬಂತೆ ನಡೆಸುವ ಝೆನ್ ಎಂಬ ತಂತ್ರಾಂಶ ನಾವು ಬಳಸುತ್ತಿದ್ದದ್ದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಜುಲೈನಲ್ಲಿ ನಾನೇ ಮುಂದೆ ನಿಂತು ಒಳಗಿನ ಯಂತ್ರಗಳನ್ನು ಡೆಬಿಯನ್ ಎಂಬ ಲಿನಕ್ಸಿನ 8ನೇ ಆವೃತ್ತಿಯಿಂದ 9ಕ್ಕೆ ಏರಿಸಿದ್ದೆ. ಅವುಗಳಲ್ಲಿ ಒಂದು, ಒಂದು ಸಣ್ಣ ಆಸ್ಪತ್ರೆಯ ದಾಖಲೆಗಳದ್ದು. ನಾಲ್ಕು ಪ್ರೊಸೆಸರ್, ನಾಲ್ಕು ಡಿಸ್ಕ್.

ಊರಿಗೆ ಬಂದ ಮೂರನೇ ರಾತ್ರಿ ಎರಡೂ ಮುಕ್ಕಾಲಿಗೆ ಫೋನ್ ಬಂತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಹುಡುಗ. “ಮೇಡಮ್, ಸ್ಕ್ರೀನ್ ಹಂಗೇ ನಿಂತ್ಬಿಟ್ಟಿದೆ. ಬಂದವರ ಹೆಸರು ನೋಟ್‌ಬುಕ್ಕಲ್ಲಿ ಬರ್ಕೊತಿದೀನಿ.” ಯಂತ್ರ ಸತ್ತಿರಲಿಲ್ಲ. ಪಿಂಗ್ ಮಾಡಿದರೆ ಓಗೊಡುತ್ತಿತ್ತು. ಒಳಗೆ ಹೋಗಲು ಮಾತ್ರ ಆಗುತ್ತಿರಲಿಲ್ಲ. ಡಿಸ್ಕಿಗೆ ಏನಾದರೂ ಬರೆಯಬೇಕಾದ ಪ್ರತಿಯೊಂದು ಕೆಲಸವೂ ಕಲ್ಲಾಗಿ ನಿಂತಿತ್ತು. ಕನ್ಸೋಲ್‌ನಲ್ಲಿ ಒಂದೇ ಬಗೆಯ ಸಾಲು: ಇಂಥ ಕೆಲಸ 120 ಸೆಕೆಂಡಿಗೂ ಹೆಚ್ಚು ಹೊತ್ತಿನಿಂದ ಸಿಕ್ಕಿಕೊಂಡಿದೆ. ಏಕೆ ಎಂದಿಲ್ಲ. ಬಲವಂತವಾಗಿ ನಿಲ್ಲಿಸಿ ಮತ್ತೆ ಹೊರಡಿಸಿದೆ. ಸರಿಯಾಯಿತು. ಎರಡು ರಾತ್ರಿ ಬಿಟ್ಟು ಅದೇ ಹೊತ್ತಿಗೆ ಮತ್ತೆ ಫೋನ್.

ಹೀಗೆ ಹತ್ತೊಂಬತ್ತು ದಿನ.

ಆ ದಿನಗಳಲ್ಲಿ ನಾನು ಕೂರುತ್ತಿದ್ದ ಜಾಗ ಹೇಳಬೇಕು. ಬ್ಯಾರನ್‌ನ ಒಲೆಯ ಬಾಯಿ ಎದುರಿಗೆ ಸೌದೆ ರಾಶಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಮನೆಯಿಂದ ಎಳೆದ ಉದ್ದದ ವೈರು. ಹುಣಸೂರು ರಸ್ತೆಯಲ್ಲಿ ಮಡಿಕೇರಿ ಕಡೆಯ ಬಸ್ಸು ಹೋದಾಗ ಒಂದು ಕ್ಷಣ ಬೆಳಕು, ಮತ್ತೆ ಕತ್ತಲೆ. ಸೊಪ್ಪು ಮೊದಲು ಹಳದಿಗೆ ತಿರುಗಬೇಕು, ಅಲ್ಲಿಯವರೆಗೆ ಬಿಸಿ ಏರಿಸುವಂತಿಲ್ಲ. ಆಮೇಲೆ ಎಲೆ ಒಣಗಬೇಕು, ಕಡೆಗೆ ನರ. ಒಂದು ಬ್ಯಾರನ್‌ಗೆ ಐದಾರು ದಿನ. ಕಡೆಯ ದಿನ ಥರ್ಮಾಮೀಟರ್ 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ನಿಲ್ಲಬೇಕು. ಕಡ್ಡಿಯಿಂದ ಒಂದು ಒಣಎಲೆ ಕಳಚಿ ಕಾದ ಪೈಪಿನ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿ ಉರಿಯುತ್ತದೆ. ಹಾಗಾಗಿ ಮೂಗು ಸದಾ ಎಚ್ಚರವಿರಬೇಕು. ಕಣ್ಣು ಪರದೆ ಮೇಲೆ, ಮೂಗು ಬ್ಯಾರನ್ ಕಡೆ. ಅವ್ವ ನಾಲ್ಕು ಗಂಟೆಗೆ ನನ್ನನ್ನು ಏಳಿಸಲೆಂದು ಎದ್ದು ಬರುತ್ತಿದ್ದಳು. ನಾನು ಮಲಗಿಯೇ ಇರುತ್ತಿರಲಿಲ್ಲ.

ಮಾಡಿದ ತಪ್ಪು ಮದ್ದುಗಳು ಒಂದೆರಡಲ್ಲ. ಡಿಸ್ಕಿನ ಕೇಬಲ್ ಬದಲಾಯಿಸಿದರು. ಮೆಮೊರಿ ಇಮ್ಮಡಿ ಮಾಡಿದೆವು. ಬ್ಯಾಕಪ್ ಹೊತ್ತು ಬದಲಾಯಿಸಿದೆವು. ಯಂತ್ರ ನಿಲ್ಲುವ ಹೊತ್ತೂ ಅದರ ಹಿಂದೆಯೇ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು, ಯಂತ್ರಕ್ಕೆ ಶಕ್ತಿ ಸಾಲುತ್ತಿಲ್ಲವೆಂದು ನಾಲ್ಕು ಪ್ರೊಸೆಸರ್ ಇದ್ದದ್ದನ್ನು ಎಂಟು ಮಾಡಿದ್ದು. ಆ ದಿನ ರಾತ್ರಿಯವರೆಗೂ ಕಾಯಲಿಲ್ಲ, ಸಂಜೆ ಆರಕ್ಕೇ ನಿಂತಿತು, ಆಸ್ಪತ್ರೆಯಲ್ಲಿ ಜನ ತುಂಬಿರುವ ಹೊತ್ತು. ಮೇಲಿನವರು ಫೋನಿನಲ್ಲಿ ಆಡಿದ ಮಾತು ಬರೆಯುವುದಿಲ್ಲ. ಅವರ ಸಿಟ್ಟು ನ್ಯಾಯವೇ ಆಗಿತ್ತು.

ಆದರೆ ಆ ತಪ್ಪೇ ದಾರಿ ತೋರಿಸಿತು. ಶಕ್ತಿ ಹೆಚ್ಚಿಸಿದರೆ ಬೇಗ ನಿಲ್ಲುತ್ತದೆಂದರೆ ಇದು ಸಾಲದ್ದರ ತೊಂದರೆಯಲ್ಲ, ಏನೋ ಹೆಚ್ಚಾದದ್ದರ ತೊಂದರೆ. ಅಂಥದ್ದೇ ಇನ್ನೊಂದು ಯಂತ್ರ ನಮ್ಮಲ್ಲಿತ್ತು. ಅದಕ್ಕೂ ನಾಲ್ಕು ಡಿಸ್ಕ್, ಪ್ರೊಸೆಸರ್ ಮಾತ್ರ ಒಂದೇ. ಅದು ಒಮ್ಮೆಯೂ ನಿಂತಿರಲಿಲ್ಲ. ಇದು ತಲೆಗೆ ಹೊಳೆದಾಗ ಬೆಳಗಿನ ಜಾವ ಮೂರು. ಕೈಯಲ್ಲಿದ್ದ ಸೌದೆಯನ್ನು ಒಲೆಗೆ ಹಾಕದೆ ಹಾಗೇ ಹಿಡಿದು ನಿಂತಿದ್ದೆ.

ಒಳಗಿನ ಯಂತ್ರಕ್ಕೆ ನಿಜವಾದ ಡಿಸ್ಕ್ ಮುಟ್ಟುವ ಹಕ್ಕಿಲ್ಲ. ಬರೆಯಬೇಕಾದ್ದನ್ನು ತನ್ನ ಮೆಮೊರಿಯ ಪುಟವೊಂದರಲ್ಲಿ ಇಟ್ಟು (ಒಂದು ಪುಟವೆಂದರೆ 4096 ಬೈಟ್), ಈ ಪುಟವನ್ನು ನೀನು ಮುಟ್ಟಬಹುದು ಎಂದು ಡಿಸ್ಕ್ ನೋಡಿಕೊಳ್ಳುವ ಹೊರಗಿನ ಯಂತ್ರಕ್ಕೆ ಬರೆದುಕೊಡಬೇಕು. ಇದಕ್ಕೆ ಗ್ರಾಂಟ್ ಎಂದೇ ಹೆಸರು. ನಮ್ಮ ಕಡೆ ಗ್ರಾಂಟ್ ಎಂದರೆ ದರಖಾಸ್ತಿನಲ್ಲಿ ಮಂಜೂರಾದ ಜಮೀನು. ಅದರಿಂದಲೇ ಇರಬೇಕು, ಇದು ನನಗೆ ಪಹಣಿಯ ಹಾಗೆಯೇ ಅರ್ಥವಾದದ್ದು. ಪ್ರತಿ ಗ್ರಾಂಟಿಗೂ ಎಂಟು ಬೈಟಿನ ಒಂದು ನಮೂದು: ಯಾವ ಪುಟ, ಯಾರಿಗೆ, ಓದಲು ಮಾತ್ರವೋ ಬರೆಯಲೂ ಸರಿಯೋ.

ಮೊದಲೆಲ್ಲ ಕೆಲಸ ಮುಗಿದ ಕೂಡಲೇ ಆ ಗ್ರಾಂಟ್ ರದ್ದಾಗುತ್ತಿತ್ತು. ಅದು ದುಬಾರಿ. ಪುಟವನ್ನು ಬಿಟ್ಟುಕೊಟ್ಟಾಗಲೆಲ್ಲ ಪ್ರೊಸೆಸರ್‌ಗಳು ತಾವು ಗುರುತಿಟ್ಟುಕೊಂಡ ವಿಳಾಸಗಳನ್ನು ಅಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಷ್ಟೂ ಈ ಅಳಿಸುವ ಕೆಲಸವೇ ಹೊರೆ. 2013ರಲ್ಲಿ ಬಂದ ಲಿನಕ್ಸ್ 3.8ರಲ್ಲಿ ರೋಜರ್ ಪೌ ಮೊನ್ನೆ ಎಂಬ ಎಂಜಿನಿಯರ್ ಇದಕ್ಕೆ ದಾರಿ ಮಾಡಿದರು. ಒಮ್ಮೆ ಕೊಟ್ಟ ಪುಟವನ್ನು ಹಿಂದಕ್ಕೆ ಪಡೆಯುವುದು ಬೇಡ, ಅಲ್ಲೇ ಇರಲಿ, ಮುಂದಿನ ಸಲ ಬರೆಯಬೇಕಾದ್ದನ್ನು ಅದರೊಳಗೇ ನಕಲು ಮಾಡಿದರಾಯಿತು. ಒಳ್ಳೆಯ ಉಪಾಯ, ಈಗಲೂ ನನಗೆ ಅದರ ಮೇಲೆ ಗೌರವವಿದೆ. ನಾವು ಬ್ಯಾರನ್ ಕಾಲದಲ್ಲಿ ಪಕ್ಕದ ಹೊಲದವರಿಗೆ ಸೊಪ್ಪು ಕಟ್ಟುವ ಕಡ್ಡಿ ಕೊಟ್ಟರೆ ದಿನಾ ಹೊತ್ತುತರುವುದಿಲ್ಲ, ಸೊಪ್ಪು ಮುಗಿಯುವ ತನಕ ಅವರಲ್ಲೇ ಇರಲಿ ಅನ್ನುತ್ತೇವೆ. ಕೊಟ್ಟದ್ದೆಷ್ಟು ಎಂಬುದು ಮಾತ್ರ ಅವ್ವನ ಬಾಯಲ್ಲೇ ಇರುತ್ತದೆ. ನಾನು ಆ ಲೆಕ್ಕ ಇಟ್ಟಿರಲಿಲ್ಲ.

ಹೊರಗಿನ ಯಂತ್ರದಲ್ಲಿ ಝೆನ್‌ಗೆ ‘ಜಿ’ ಎಂಬ ಒಂದಕ್ಷರ ಕಳಿಸಿದರೆ ಗ್ರಾಂಟ್‌ಗಳ ಪಟ್ಟಿಯನ್ನೆಲ್ಲ ಕಕ್ಕುತ್ತದೆ. ಮುಂದಿನ ಸಲ ಯಂತ್ರ ನಿಂತಾಗ ಹೊರಡಿಸುವ ಮೊದಲು ಅದನ್ನು ಮಾಡಿದೆ. ಸೀರಿಯಲ್ ಕನ್ಸೋಲ್‌ನಲ್ಲಿ ಸಾಲುಗಳು ಇಳಿಯತೊಡಗಿದವು, ನಿಲ್ಲಲೇ ಇಲ್ಲ. ಎಣಿಸಿದರೆ ಹದಿನಾರು ಸಾವಿರದ ಮೇಲೆ.

ಸೌದೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಗುಣಿಸಿದೆ. ಡಿಸ್ಕಿಗೆ ಹೋಗುವ ಕೋರಿಕೆಗಳು ನಿಲ್ಲುವ ಒಂದು ಸಾಲಿನಲ್ಲಿ (ಕ್ಯೂ) ಒಮ್ಮೆಗೆ 32 ಕೋರಿಕೆ. ಒಂದೊಂದಕ್ಕೆ 32 ಪುಟ, ಆ ಪುಟಗಳ ಪಟ್ಟಿಗೆ ಇನ್ನೊಂದು, ಒಟ್ಟು 33. ಅಲ್ಲಿಗೆ ಒಂದು ಸಾಲಿಗೆ 1056 ಪುಟ. ಹಳೆಯ ಡೆಬಿಯನ್‌ನಲ್ಲಿ ಡಿಸ್ಕಿಗೊಂದೇ ಸಾಲು. ನಾಲ್ಕು ಡಿಸ್ಕಿಗೆ 4224. ಹೊಸದರಲ್ಲಿ ಪ್ರತಿ ಡಿಸ್ಕಿಗೂ ಪ್ರೊಸೆಸರ್‌ಗೊಂದು ಸಾಲು. ನಾಲ್ಕು ಡಿಸ್ಕ್, ನಾಲ್ಕು ಪ್ರೊಸೆಸರ್: 16,896. ಪಹಣಿ ಪುಸ್ತಕ ಎಷ್ಟು ದೊಡ್ಡದು? ನಮ್ಮ ಝೆನ್‌ನಲ್ಲಿ ಒಂದು ಯಂತ್ರಕ್ಕೆ 32 ಹಾಳೆ, ಹಾಳೆಗೆ 512 ನಮೂದು. 16,384.

512 ಹೆಚ್ಚು. ಸರಿಯಾಗಿ ಒಂದು ಹಾಳೆ. ನೆಟ್‌ವರ್ಕಿಗೆ ಬೇಕಾದ ಗ್ರಾಂಟ್‌ಗಳು ಬೇರೆ.

ರಾತ್ರಿ ಬ್ಯಾಕಪ್‌ನಲ್ಲಿ ನಾಲ್ಕೂ ಡಿಸ್ಕ್ ಒಟ್ಟಿಗೆ ದುಡಿದಾಗ ಮಾತ್ರ ಎಲ್ಲ ಸಾಲುಗಳೂ ತುಂಬಿ ಪುಸ್ತಕ ಮುಗಿಯುತ್ತಿತ್ತು. ಆಮೇಲೆ ಹೊಸ ಪುಟ ಬೇಕಾದ ಸಾಲು, ಯಾರಾದರೂ ಒಂದನ್ನು ಬಿಟ್ಟುಕೊಟ್ಟಾರೆಂದು ಕಾಯುತ್ತಿತ್ತು. ಪಕ್ಕದ ಸಾಲಿನಲ್ಲಿ ನೂರಾರು ಪುಟ ಕೆಲಸವಿಲ್ಲದೆ ಬಿದ್ದಿದ್ದರೂ ಅವು ಆ ಸಾಲಿನವು. ಬಿಡುವವರಿಲ್ಲ. ದೋಷವೆಂದೂ ಯಂತ್ರ ಹೇಳಲಿಲ್ಲ, ಏಕೆಂದರೆ ಅದರ ಪಾಲಿಗೆ ಅದು ದೋಷವಲ್ಲ, ಕಾಯುವಿಕೆ. ಮೆಮೊರಿ ಇಮ್ಮಡಿ ಮಾಡಿದ್ದು ಏಕೆ ಕೆಲಸಕ್ಕೆ ಬರಲಿಲ್ಲ, ಪ್ರೊಸೆಸರ್ ಹೆಚ್ಚಿಸಿದ್ದು ಏಕೆ ಕೆಡಿಸಿತು ಎಂಬುದೆಲ್ಲ ಒಟ್ಟಿಗೇ ತಿಳಿಯಿತು. ಅಳು ಬಂತು. ಆಸ್ಪತ್ರೆಯ ಆ ಹುಡುಗ ಅಷ್ಟು ರಾತ್ರಿ ಬರೆದುಕೊಂಡ ಹೆಸರುಗಳು ನೆನಪಾದವು. ಯಂತ್ರ ಏರಿಸುವ ಮೊದಲು ಈ ಗುಣಾಕಾರ ಮಾಡಲು ನನಗೆ ಹತ್ತು ನಿಮಿಷ ಸಾಕಿತ್ತು.

ಆ ರಾತ್ರಿಯೇ ಒಳಗಿನ ಯಂತ್ರಕ್ಕೆ ಡಿಸ್ಕಿಗೊಂದೇ ಸಾಲು ಎಂದು ಕಟ್ಟು ಹಾಕಿ ಹೊರಡಿಸಿದೆ. ಮುಂದಿನ ಭಾನುವಾರ ಹೊರಗಿನ ಯಂತ್ರವನ್ನೇ ನಿಲ್ಲಿಸಿ, ಝೆನ್ ಶುರುವಾಗುವ ಆದೇಶದ ಸಾಲಿನಲ್ಲಿ ಹಾಳೆಗಳ ಮಿತಿಯನ್ನು 256ಕ್ಕೆ ಏರಿಸಿ, ಕಟ್ಟು ತೆಗೆದೆವು. ಅದೇ ವರ್ಷದ ನವೆಂಬರ್‌ನಲ್ಲಿ ಬೇರೆಯವರೂ ಇದೇ ಕಷ್ಟ ಕಂಡದ್ದು ಡೆಬಿಯನ್ ದೋಷಪಟ್ಟಿಯಲ್ಲಿ ದಾಖಲಾಯಿತು. ಮುಂದೆ ಝೆನ್ 4.10ರಲ್ಲಿ ಮಿತಿ ತಾನಾಗಿಯೇ 64 ಆಯಿತು.

ಕಟ್ಟು ಹಾಕಿದ ಮರುದಿನ ಬೆಳಿಗ್ಗೆ ಅಪ್ಪ ಮಂಚದಿಂದಲೇ ಕೇಳಿದರು. “ಏನವ್ವಾ, ನಿನ್ನ ಮಿಷನ್ನು ಇನ್ನೂ ನಿಂತೇ ಅದಾ?”

“ಇಲ್ಲ ಕಣಪ್ಪ, ನಡೀತಾ ಅದೆ.”

“ಬ್ಯಾರನ್ನು?”

“ನರ ಒಣಗ್ತಾ ಅದೆ.”

ಆ ವರ್ಷ ಆರು ಬ್ಯಾರನ್ ಬೇಯಿಸಿದೆವು, ಒಂದೂ ಸುಡಲಿಲ್ಲ. ಸೊಪ್ಪು ಕಟ್ಟೆಮಳಲವಾಡಿ ಹರಾಜಿಗೆ ಹೋಯಿತು. ಅಪ್ಪ ಕೋಲು ಊರಿಕೊಂಡು ಬೇಲುಗಳ ಜೊತೆ ತಾವೇ ಹೋದರು. ನನಗೆ ಮಾತ್ರ ಆಮೇಲೂ ಎಷ್ಟೋ ತಿಂಗಳು ರಾತ್ರಿ ಎರಡೂ ಮುಕ್ಕಾಲಿಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಫೋನ್ ಎತ್ತಿ ನೋಡಿ, ಯಾರ ಕರೆಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಲಗುತ್ತಿದ್ದೆ.