ಎಡಗೈಯ ಎಸೆತ

ಕಳೆದ ಡಿಸೆಂಬರಿನ ಕೆಲವು ಸಂಜೆಗಳಲ್ಲಿ, ನಾನು ನಿವೃತ್ತನಾದ ಶಾಲೆಯ ಹಿಂಬದಿಯ ಮೈದಾನದಲ್ಲಿ, ನೀರಿನ ಹನಿಯೂ ಇಲ್ಲದ ಕೆಂಪು ನೆಲದ ಮೇಲೆ ಗಾಳದ ಕೋಲನ್ನು ಬೀಸಿ ಬೀಸಿ ಸೀಸದ ಗುಂಡೊಂದನ್ನು ಎಸೆಯುತ್ತಿದ್ದುದನ್ನು ಕಂಡವರು ಹಲವರಿದ್ದಾರೆ. ಕಂಡವರು ಕಾಣದವರಿಗೆ ಹೇಳಿದ್ದಾರೆ. ಪಾಗಾರದ ಮೇಲೆ ಸಾಲಾಗಿ ಕುಳಿತ ಹುಡುಗರಂತೂ ಗುಂಡು ಬಿದ್ದಲ್ಲೆಲ್ಲ ಓಡಿಹೋಗಿ ಹೆಜ್ಜೆಯಳೆದು ಲೆಕ್ಕ ಕೂಗುತ್ತಿದ್ದರು. "ಮಾಸ್ಟ್ರಿಗೆ ಪೆನ್ಶನ್ ಬಂದ ಮೇಲೆ ಹೀಗಾಯಿತೇ!" ಎಂದು ಮರುಗಿದವರೂ ಉಂಟೆಂದು ಕೇಳಿದ್ದೇನೆ. ಅವರ ಸಮಾಧಾನಕ್ಕಾಗಿಯಾದರೂ ಈ ಸಂಗತಿಯನ್ನು ಬರೆಯಬೇಕಾಗಿದೆ. ಸಾಹಿತ್ಯ ಪತ್ರಿಕೆಯಲ್ಲಿ ಮೀನು ಹಿಡಿಯುವ ರೀಲಿನ ಪ್ರಸ್ತಾಪವೇ ಎಂದು ಹುಬ್ಬೇರಿಸುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ.

ನಮ್ಮ ಮನೆ ಚಂದ್ರಗಿರಿ ಹೊಳೆಯ ದಂಡೆಯಲ್ಲಿ. ಕೊಡಗಿನ ಕಡೆಯಿಂದ ಪಯಸ್ವಿನಿಯೆಂಬ ಹೆಸರಿನಿಂದ ಇಳಿದುಬರುವ ನೀರು ಕಾಸರಗೋಡಿನ ಹತ್ತಿರ ಸಮುದ್ರ ಸೇರುವ ಮೊದಲು ಅರ್ಧ ಉಪ್ಪು, ಅರ್ಧ ಸಿಹಿಯಾಗಿ ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಮಲೆಯಾಳಿಗಳು ಕಾಳಾಂಜಿ ಎನ್ನುವ ಮೀನೂ ಚೆಂಪಲ್ಲಿ ಎನ್ನುವ ಕೆಂಪು ಮೀನೂ ಸೇತುವೆಯ ಕಂಬಗಳ ನೆರಳಿನಲ್ಲಿ ಹೊಂಚು ಹಾಕಿರುತ್ತವೆ. ನಾವೆಲ್ಲ ಬರಿಗೈಯಲ್ಲಿ ದಾರ ಬೀಸುವವರು. ಅಣ್ಣನೊಬ್ಬನೇ ಬೇರೆ ದಾರಿ ಹಿಡಿದವನು. ಬಹರೈನಿನಲ್ಲಿ ಕೆಲಸಕ್ಕಿದ್ದ ಅವನು 1979ರಲ್ಲಿ ರಜೆಗೆ ಬಂದಾಗ ಪೆಟ್ಟಿಗೆಯಿಂದ ಒಂದು ಕೆಂಪು ರೀಲನ್ನು ಹೊರತೆಗೆದ. ಆಗ ನನಗೆ ಹನ್ನೊಂದು ವರ್ಷ. ಅದರ ಮೇಲೆ 'ಅಬು' ಎಂದು ಬರೆದಿತ್ತು. ಯಾರೋ ಅರಬರ ಸಾಹುಕಾರ ಮಾಡಿಸಿದ್ದೆಂದು ನೆರೆಹೊರೆಯವರು ನಿಶ್ಚಯಿಸಿದರು. ಅದರ ಇನ್ನೊಂದು ಹೆಸರು 'ಅಂಬಾಸಡರ್' ಎಂದು ತಿಳಿದ ಮೇಲೆ, ಕಾರಿನ ಕಂಪೆನಿಯದೇ ಇರಬೇಕೆಂದು ಮತ್ತೊಂದು ಪಕ್ಷ ಹುಟ್ಟಿಕೊಂಡಿತು.

ಎರಡು ಪಕ್ಷವೂ ಸೋತಿತು. ಆ ರೀಲಿನ ತವರು ಸ್ವೀಡನ್ ದೇಶದ ಸ್ವಾಂಗ್‌ಸ್ಟಾ ಎಂಬ ಊರು. 1921ರಲ್ಲಿ ಅಲ್ಲಿ ಒಂದು ಗಡಿಯಾರದ ಕಾರ್ಖಾನೆ ಹುಟ್ಟಿತು. ಅವರ ಭಾಷೆಯಲ್ಲಿ ಗಡಿಯಾರದ ಕಾರ್ಖಾನೆಗೆ ಹೇಳುವ ಮಾತಿನ ಅಕ್ಷರಗಳೇ ಸೇರಿ 'ಅಬು' ಆಯಿತು. ಅಂಬಾಸಡರ್ 5000 ಎಂಬ ಕೆಂಪು ರೀಲು ಹೊರಬಂದದ್ದು 1952ರಲ್ಲಿ. ಗಡಿಯಾರಕ್ಕೂ ಈ ಬಗೆಯ ರೀಲಿಗೂ ಇರುವ ನಂಟು ಇನ್ನೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಹಲ್ಲಿನ ಚಕ್ರಗಳನ್ನು ಜೋಡಿಸಿ, ಹಿಡಿಕೆ ಒಂದು ಸುತ್ತು ತಿರುಗಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂತೆ ಮಾಡಿದ ಜಾರ್ಜ್ ಸ್ನೈಡರನೂ ಗಡಿಯಾರ ರಿಪೇರಿಯವನೇ.

ಇದನ್ನು ಬೈಟ್‌ಕಾಸ್ಟಿಂಗ್ ರೀಲು ಎನ್ನುತ್ತಾರೆ. ಇಂದು ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಉರುಳೆ ಅಲುಗದೆ ನಿಂತಿರುತ್ತದೆ, ದಾರ ಅದರ ತಲೆಯ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿಕೊಳ್ಳುತ್ತದೆ. ಇದರಲ್ಲಾದರೋ ದಾರವನ್ನು ಎಳೆದುಕೊಂಡು ಹೋಗುವ ಲೂರ್ ಉರುಳೆಯನ್ನೇ ಗಿರಗಿರನೆ ತಿರುಗಿಸುತ್ತದೆ. (ಲೂರ್ ಎಂದರೆ ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಹುಸಿಮೀನು.) ತೊಡಕು ಇರುವುದು ಇಲ್ಲಿಯೇ. ಗಾಳಿಯ ತಡೆಯಿಂದ ಲೂರಿನ ವೇಗ ಕುಂದುತ್ತದೆ. ಒಮ್ಮೆ ವೇಗ ಹಿಡಿದ ಉರುಳೆಗೆ ಆ ಸುದ್ದಿ ತಿಳಿಯುವುದಿಲ್ಲ. ಅದು ಬೇಕಾದುದಕ್ಕಿಂತ ಹೆಚ್ಚು ದಾರವನ್ನು ಬಿಚ್ಚುತ್ತದೆ. ಬಿಚ್ಚಿದ ದಾರ ಹೊರಹೋಗಲಾರದೆ ಉರುಳೆಯ ಮೇಲೆಯೇ ಉಬ್ಬಿ, ಒಂದರೊಳಗೊಂದು ಹೊಕ್ಕು ಗಂಟಾಗುತ್ತದೆ. ಈ ಗಂಟಿಗೆ ಬಲ್ಲವರೆಲ್ಲ ಹಕ್ಕಿಗೂಡು ಎಂದೇ ಹೆಸರಿಟ್ಟಿದ್ದಾರೆ. ಅದಾಗದಂತೆ ತಡೆಯುವುದು ಉರುಳೆಯ ಮೇಲೆ ಹಗುರವಾಗಿ ಒರಗಿದ ಹೆಬ್ಬೆರಳು. ಒತ್ತಿದರೆ ಎಸೆತ ಅರ್ಧಕ್ಕೇ ನಿಂತೀತು; ಎತ್ತಿದರೆ ಗೂಡಾದೀತು.

ಅಣ್ಣ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಕಲಿಸಿದ. "ಕಣ್ಣು ಲೂರಿನ ಹಿಂದೆ ಹೋಗಲಿ, ಹೆಬ್ಬೆರಳು ಇಲ್ಲೇ ಇರಲಿ" ಎನ್ನುತ್ತಿದ್ದ. ಮೂರು ರಜೆಗಳ ಕಾಲ ನಾನು ಕಟ್ಟಿದ ಗೂಡುಗಳಲ್ಲಿ ಊರಿನ ಕಾಗೆಗಳೆಲ್ಲ ಸಂಸಾರ ಹೂಡಬಹುದಿತ್ತು. ಅಣ್ಣ ಒಮ್ಮೆಯೂ ಗದರಿಸಲಿಲ್ಲ. ದೋಣಿಯ ಅಂಚಿನಲ್ಲಿ ಕುಳಿತು, ಬೀಡಿ ಕಚ್ಚಿಕೊಂಡು, ಸೂಜಿಯಿಂದ ಒಂದೊಂದೇ ಎಳೆಯನ್ನು ಬಿಡಿಸುತ್ತಿದ್ದ. ನಾಲ್ಕನೆಯ ರಜೆಯ ಹೊತ್ತಿಗೆ ನನ್ನ ಹೆಬ್ಬೆರಳಿಗೆ ಬುದ್ಧಿ ಬಂತು.

ಅಣ್ಣ 2019ರಲ್ಲಿ ತೀರಿಕೊಂಡ. 2022ರ ಆಗಸ್ಟಿನಲ್ಲಿ ನನಗೆ ಲಘುವಾದ ಪಾರ್ಶ್ವವಾಯು ತಗಲಿತು. ಮಾತು ಉಳಿಯಿತು, ನಡಿಗೆ ಮರಳಿತು. ಬಲಗೈಯ ಹೆಬ್ಬೆರಳೂ ತೋರುಬೆರಳೂ ಮಾತ್ರ ಮರಗಟ್ಟಿದಂತಾದುವು. ಸೇವೆ ಇನ್ನೂ ಎರಡು ವರ್ಷ ಬಾಕಿ. ಗಣಿತದ ಮಾಸ್ತರನಿಗೆ ಕರಿಹಲಗೆ ಇಲ್ಲದೆ ಬಾಯಿದ್ದೂ ಇಲ್ಲದಂತೆ. ಸೀಮೆಸುಣ್ಣ ಬೆರಳಿನಿಂದ ಜಾರಿ ಬಿದ್ದರೆ, ಬಿದ್ದ ಸಪ್ಪಳದಿಂದಲೇ ನನಗೆ ತಿಳಿಯಬೇಕು. ಎಡಗೈಯಲ್ಲಿ ಬರೆಯಲು ಕಲಿತೆ. ನನ್ನ ವರ್ಗಮೂಲದ ಚಿಹ್ನೆ ಬಿರುಗಾಳಿಗೆ ಸಿಕ್ಕ ಕೊಡೆಯಂತಿರುತ್ತಿತ್ತು. ಹತ್ತನೆಯ ತರಗತಿಯ ಮಕ್ಕಳು ಮೊದಲ ವಾರ ನಕ್ಕರು, ಎರಡನೆಯ ವಾರ ನಗಲಿಲ್ಲ. ಮೂರನೆಯ ವಾರದಿಂದ ನನ್ನ ಅಕ್ಷರವನ್ನು ನನಗಿಂತ ಚೆನ್ನಾಗಿ ಓದತೊಡಗಿದರು.

ಮುಂದಿನ ಬೇಸಗೆಯಲ್ಲಿ ಒಂದು ದಿನ, ಯಾರೂ ಇಲ್ಲದ ಹೊತ್ತು ನೋಡಿ, ಅಣ್ಣನ ರೀಲನ್ನು ಹೊಳೆಗೆ ಒಯ್ದೆ. ಬಲಗೈಯಲ್ಲಿಯೇ ಎಸೆದೆ. ಹೆಬ್ಬೆರಳು ಉರುಳೆಯ ಮೇಲಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಗೂಡು ಎಂಥದಾಯಿತೆಂದರೆ, ಸೂಜಿಗೂ ಜಗ್ಗಲಿಲ್ಲ. ಕಡೆಗೆ ಚೂರಿಯಿಂದ ಕತ್ತರಿಸಿ ತೆಗೆದೆ. ಅದು ಅಣ್ಣ ತನ್ನ ಕೈಯಾರೆ ಸುತ್ತಿಟ್ಟ ದಾರ. ಹಳೆಯ ನೈಲಾನು ಹೇಗೂ ಲಡ್ಡಾಗಿರುತ್ತದೆ, ಬದಲಾಯಿಸಲೇಬೇಕಾಗಿತ್ತು, ನಿಜ. ಆದರೂ ಆ ತುಂಡುಗಳನ್ನು ಎಸೆಯಲಾರದೆ ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದೆ. ಮತ್ತೆ ಒಂದೂವರೆ ವರ್ಷ ರೀಲನ್ನು ಮುಟ್ಟಲಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಇದು ಹೇಗೋ ತಿಳಿಯಿತು. ಫೋನು ಮಾಡಿ, "ಚಿಕ್ಕಪ್ಪ, ಹಣ ಕಳಿಸುತ್ತೇನೆ. ಕಂಪ್ಯೂಟರ್ ಬ್ರೇಕಿನ ರೀಲು ತಗೊಳ್ಳಿ. ಅದಕ್ಕೆ ಹೆಬ್ಬೆರಳೇ ಬೇಡ, ಎಲ್ಲ ಅದೇ ನೋಡಿಕೊಳ್ಳುತ್ತದೆ" ಎಂದ. ಪ್ರೀತಿಯಿಂದಲೇ ಹೇಳಿದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆದರೂ ಕುತೂಹಲ ಬಿಡಬೇಕಲ್ಲ! ಮಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತೆ. ಅಂಗಡಿಯ ಹುಡುಗ ಸಹನಶೀಲ; ಮೇಜಿನ ಮೇಲೆ ಮೂರು ರೀಲುಗಳನ್ನು ಬಿಚ್ಚಿ ತೋರಿಸಿದ. ಮೂರರಲ್ಲಿಯೂ ನಾನು ಮೊದಲು ಹುಡುಕಿದ್ದು ಬ್ರೇಕನ್ನು. ಏಕೆಂದರೆ ಬ್ರೇಕು ಎಂದರೆ ಹೆಬ್ಬೆರಳಿನ ಕೆಲಸದಲ್ಲಿ ಒಂದು ಪಾಲನ್ನು ಯಂತ್ರ ವಹಿಸಿಕೊಳ್ಳುವ ಏರ್ಪಾಡು.

ಮೊದಲನೆಯದರಲ್ಲಿ ಇದ್ದದ್ದು ಅಣ್ಣನ ರೀಲಿನ ಕ್ರಮವೇ. ಉರುಳೆಯ ಪಕ್ಕದಲ್ಲಿ ಸಣ್ಣ ತುಂಡುಗಳಿರುತ್ತವೆ. ಉರುಳೆ ತಿರುಗಿದಾಗ ಅವು ಹೊರಕ್ಕೆ ಸರಿದು ಬಳೆಯಂಥ ಗೋಡೆಗೆ ಉಜ್ಜುತ್ತವೆ. ಈ ತಡೆ ವೇಗದ ವರ್ಗಕ್ಕನುಸಾರವಾಗಿ ಏರುತ್ತದೆ. ಆದ್ದರಿಂದ ಎಸೆತದ ಮೊದಲ ರಭಸದಲ್ಲಿ ಬಿಗಿಯಾಗಿ ಹಿಡಿದು, ಕೊನೆಯಲ್ಲಿ ಕೈಬಿಟ್ಟೇಬಿಡುತ್ತದೆ. ಆ ಕೊನೆಯ ಭಾಗವೇ ನನ್ನಂಥವನಿಗೆ ಗಂಡಾಂತರ.

ಎರಡನೆಯದರಲ್ಲಿ ಅಯಸ್ಕಾಂತ. ಜಪಾನಿನ ದೈವಾ ಕಂಪೆನಿಯ ರೀಲುಗಳ ಮೂಲಕ 1980ರ ದಶಕದಲ್ಲಿ ಈ ಕ್ರಮ ಹೆಸರಾಯಿತು. ಈಗ ಎಲ್ಲರೂ ಬಳಸುತ್ತಾರೆ. ಅಲ್ಯೂಮಿನಿಯಮಿನ ಉರುಳೆಗೆ ಅಯಸ್ಕಾಂತ ಅಂಟುವುದಿಲ್ಲವಲ್ಲ ಎಂದು ಮಕ್ಕಳು ಕೇಳಬಹುದು. ತಾಮ್ರದ ಕೊಳವೆಯೊಳಗೆ ಅಯಸ್ಕಾಂತದ ತುಂಡನ್ನು ಬಿಟ್ಟು ನೋಡಿದವರಿಗೆ ಉತ್ತರ ಗೊತ್ತು: ಎಲ್ಲಿಯೂ ಮುಟ್ಟದಿದ್ದರೂ ಅದು ತೇಲಿದಂತೆ ನಿಧಾನವಾಗಿ ಇಳಿಯುತ್ತದೆ. ಅಯಸ್ಕಾಂತದೆದುರು ಚಲಿಸುವ ಲೋಹದಲ್ಲಿ ವಿದ್ಯುತ್ತು ಸುಳಿಯಾಗಿ ಹುಟ್ಟಿ, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ರೀಲಿನ ಪಕ್ಕದಲ್ಲಿರುವ ಗುಂಡಿಯನ್ನು ತಿರುಗಿಸಿದರೆ ಅಯಸ್ಕಾಂತ ಉರುಳೆಗೆ ಹತ್ತಿರವಾಗುತ್ತದೆ, ತಡೆ ಹೆಚ್ಚುತ್ತದೆ. ಇದು ಸ್ಥೂಲವಾಗಿ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ, ಕೊನೆಯ ಹಂತದಲ್ಲಿಯೂ ಒಂದಿಷ್ಟು ಆಸರೆ ಕೊಡುತ್ತದೆ. ದೂರ ಸ್ವಲ್ಪ ಕಡಿಮೆಯಾದೀತು.

ಮೂರನೆಯದು ಅಣ್ಣನ ಮಗ ಹೇಳಿದ್ದು. ಜಪಾನಿನ ಸಕಾಯಿ ಊರಿನ ಶಿಮಾನೊ ಕಂಪೆನಿ (ಇದೂ 1921ರಲ್ಲಿಯೇ ಹುಟ್ಟಿದ್ದು) 2003ರಲ್ಲಿ ಹೊರತಂದ ಕ್ರಮ ಇದು. ಆ ಮೊದಲ ರೀಲಿಗೆ ಅವರಿಟ್ಟ ಹೆಸರು 'ಕಲ್ಕತ್ತಾ'ದಿಂದ ಆರಂಭವಾಗುತ್ತದೆ. ಏಕೆಂದು ಅಂಗಡಿಯ ಹುಡುಗನನ್ನು ಕೇಳಿದೆ, ಅವನು ನಕ್ಕ. ಒಳಗಿರುವ ಪುಟ್ಟ ಗಣಕವು ಉರುಳೆಯ ವೇಗವನ್ನು ಕ್ಷಣಕ್ಷಣಕ್ಕೂ ಅಳೆದು, ಎಷ್ಟು ಬೇಕೋ ಅಷ್ಟೇ ತಡೆಯುತ್ತದೆ. ಬ್ಯಾಟರಿಯಿಲ್ಲ, ಉರುಳೆ ತಿರುಗುವುದರಿಂದಲೇ ಅದಕ್ಕೆ ವಿದ್ಯುತ್ತು. ಎಸೆದಾಗ ಜೀರುಂಡೆಯಂತೆ ಹಾಡುತ್ತದೆ. ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ. ಎದುರುಗಾಳಿಯಲ್ಲಿ ಅದು ಕೊಡುವ ನೆಮ್ಮದಿಯನ್ನು ಉಳಿದೆರಡು ಕೊಡಲಾರವು. ಹಾಗಿದ್ದೂ ಲೂರ್ ನೀರಿಗೆ ಬೀಳುವ ಗಳಿಗೆಯಲ್ಲಿ ಉರುಳೆಯನ್ನು ನಿಲ್ಲಿಸಲು ಹೆಬ್ಬೆರಳು ಬೇಕೇ ಬೇಕು ಎಂದು ಹುಡುಗ ಒಪ್ಪಿಕೊಂಡ. ಬೆಲೆ ಇಪ್ಪತ್ತು ಸಾವಿರದ ಆಸುಪಾಸು.

ಉಳಿದ ಗುಣಗಳನ್ನು ಕುರಿತು ಅಂಗಡಿಯವರು ಹೇಳುವುದರಲ್ಲಿ ಅರ್ಧವನ್ನು ಕಿವಿಗೆ ಹಾಕಿಕೊಂಡರೆ ಸಾಕು. ಪೆಟ್ಟಿಗೆಯ ಮೇಲೆ ಬಾಲ್ ಬೇರಿಂಗುಗಳ ಸಂಖ್ಯೆಯನ್ನು ಹತ್ತು, ಹನ್ನೆರಡು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಉರುಳೆಯ ಎರಡು ತುದಿಗಳಲ್ಲಿರುವ ಎರಡು ಒಳ್ಳೆಯವಾಗಿದ್ದರೆ ಎಸೆತಕ್ಕೆ ಅಷ್ಟೇ ಸಾಕು. ಅಣ್ಣನ ರೀಲಿನಲ್ಲಿ ಅಂಥದು ಒಂದೂ ಇಲ್ಲ, ಬುಷ್‌ಗಳು ಮಾತ್ರ. ಅದೂ ದೂರ ಎಸೆಯುತ್ತಿತ್ತು. ಗೇರಿನ ಅನುಪಾತವನ್ನು ಮಾತ್ರ ಲೆಕ್ಕ ಹಾಕಿಯೇ ತೆಗೆದುಕೊಳ್ಳಬೇಕು. ದಾರ ತುಂಬಿದ ಉರುಳೆಯ ವ್ಯಾಸ 32 ಮಿಲಿಮೀಟರ್ ಎಂದಿಟ್ಟುಕೊಂಡರೆ ಸುತ್ತಳತೆ ಸುಮಾರು 100 ಮಿಲಿಮೀಟರ್. ಅನುಪಾತ ಏಳಕ್ಕೆ ಒಂದಾದರೆ ಹಿಡಿಕೆಯ ಒಂದು ಸುತ್ತಿಗೆ 70 ಸೆಂಟಿಮೀಟರ್ ದಾರ ಒಳಬರುತ್ತದೆ. ಐದಕ್ಕೆ ಒಂದಾದರೆ ಅರ್ಧ ಮೀಟರ್. ವೇಗ ಹೆಚ್ಚಿದಷ್ಟೂ ಎಳೆಯುವ ಬಲ ಕುಂದುತ್ತದೆ, ಸೈಕಲ್ಲಿನ ಗೇರಿನಂತೆಯೇ. ಚೆಂಪಲ್ಲಿ ಕಚ್ಚಿದೊಡನೆ ಕಂಬದ ಬುಡಕ್ಕೆ ನುಗ್ಗುವ ಮೀನು. ಅದನ್ನು ತಡಮಾಡದೆ ಈಚೆಗೆಳೆಯಬೇಕಾದುದರಿಂದ ನಾನು ಏಳರ ಪಕ್ಷದವನು. ಅಣ್ಣನ ರೀಲು ನಾಲ್ಕನ್ನೂ ಮುಟ್ಟುವುದಿಲ್ಲ.

ಉಪ್ಪುನೀರಿನ ವಿಚಾರದಲ್ಲಿ ಅಗ್ಗದ ಆಸೆ ಒಳ್ಳೆಯದಲ್ಲ. ನೆರೆಮನೆಯ ಹುಡುಗನೊಬ್ಬ ಎರಡು ಸಾವಿರಕ್ಕೆ ಕೊಂಡ ರೀಲಿನಲ್ಲಿ, ದಾರವನ್ನು ಅತ್ತಿತ್ತ ಒಯ್ದು ಸಮನಾಗಿ ಸುತ್ತುವ ಕಣ್ಣು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ನಿಂತಿತು. ಎಂಥ ರೀಲಾದರೂ ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಹಗುರವಾಗಿ ತೊಳೆದು ನೆರಳಿನಲ್ಲಿ ಒಣಗಿಸತಕ್ಕದ್ದು. ಹೊಸವುಗಳ ತೂಕ 200 ಗ್ರಾಮಿನ ಆಚೀಚೆ. ಅಣ್ಣನದನ್ನು ತಕ್ಕಡಿಗೆ ಹಾಕಿದರೆ 280. ನೂರು ಬಾರಿ ಎಸೆಯುವ ಮಣಿಕಟ್ಟಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಇಷ್ಟೆಲ್ಲ ನೋಡಿ, ಬರಿಗೈಯಲ್ಲಿ ಹಿಂದಿರುಗಲು ಎದ್ದಿದ್ದೆ. ಆಗ ಹುಡುಗ, "ಮಾಸ್ಟ್ರೇ, ನಿಮಗೆ ಹಿಡಿಕೆ ಬಲಕ್ಕೋ ಎಡಕ್ಕೋ?" ಎಂದು ಕೇಳಿದ. ಬಲಗೈಯವರು ಬಲದಲ್ಲಿ ಎಸೆದು, ರೀಲನ್ನು ಎಡಗೈಗೆ ದಾಟಿಸಿ, ಮತ್ತೆ ಬಲದಲ್ಲಿ ಹಿಡಿಕೆ ತಿರುಗಿಸುವುದು ಹಳೆಯ ಪದ್ಧತಿ. ಅಣ್ಣನೂ ಹಾಗೆಯೇ ಮಾಡುತ್ತಿದ್ದ. ಆ ಪ್ರಶ್ನೆ ಕೇಳಿದಾಗ ನನಗೆ ಥಟ್ಟನೆ ಕರಿಹಲಗೆ ನೆನಪಾಯಿತು. ಎಡಗೈಯಲ್ಲಿ ಎಸೆದರೆ ಹೆಬ್ಬೆರಳೂ ಎಡದ್ದೇ! ಬಲಗೈಗೆ ಉಳಿಯುವುದು ಹಿಡಿಕೆ ತಿರುಗಿಸುವ ಕೆಲಸ. ಅದಕ್ಕೆ ಸೂಕ್ಷ್ಮವೇನೂ ಬೇಡ. ಕೈ ಬದಲಾಯಿಸುವ ತಾಪತ್ರಯವೂ ಇಲ್ಲ. ನಲವತ್ತು ವರ್ಷ ಇದು ನನಗೆ ಹೊಳೆದಿರಲಿಲ್ಲ, ಹೊಳೆಯಬೇಕಾದ ಕಾರಣವೂ ಇರಲಿಲ್ಲ.

ಅಯಸ್ಕಾಂತದ ರೀಲನ್ನೇ ಕೊಂಡೆ, ಬಲಕ್ಕೆ ಹಿಡಿಕೆಯಿರುವುದು, ಏಳೂವರೆ ಸಾವಿರಕ್ಕೆ, ನನ್ನ ಪೆನ್ಶನ್ನಿನಿಂದ. ಗಣಕದ ರೀಲು ಬೇಡವೆಂದದ್ದು ಬೆಲೆಯಿಂದಲ್ಲವೇ ಎಂದರೆ ಸುಳ್ಳಾದೀತು. ಬೆಲೆಯೂ ಒಂದು ಕಾರಣವೇ. ಇನ್ನೊಂದು ಕಾರಣ, ಅದರ ಪಕ್ಕದ ಗುಂಡಿಯಲ್ಲಿ ನಾಲ್ಕೇ ಮೆಟ್ಟಿಲುಗಳಿದ್ದುವು. ನಾನು ಕೊಂಡದ್ದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಇದೆ. ಏನೂ ತಿಳಿಯದ ಎಡ ಹೆಬ್ಬೆರಳನ್ನು ಹತ್ತರಲ್ಲಿ ಸೇರಿಸಿ, ಒಂದೊಂದೇ ತರಗತಿ ದಾಟಿಸಬಹುದೆಂದು ಅನ್ನಿಸಿತು. ಮಾಸ್ತರನ ಚಟ.

ಮೈದಾನದಲ್ಲಿ ನಡೆದದ್ದು ಇದೇ ಪಾಠ. ಮುಳ್ಳಿಲ್ಲದ 15 ಗ್ರಾಮಿನ ಸೀಸದ ಗುಂಡು, ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಹಳೆಯ ಟಯರು. ಗುಂಡನ್ನು ಇಳಿಬಿಟ್ಟರೆ ಅದು ಮೆಲ್ಲಗೆ ಜಾರಿ ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಷ್ಟು ತಿರುಪನ್ನು ಮೊದಲು ಬಿಗಿ ಮಾಡಿಕೊಳ್ಳಬೇಕು, ಆಮೇಲೆ ಎಸೆತ. ಮೊದಲ ಸಂಜೆ ಹನ್ನೊಂದು ಗೂಡು. ಹುಡುಗರು ಎಣಿಸಿ ಹೇಳಿದ ಲೆಕ್ಕವಾದುದರಿಂದ ಅನುಮಾನವಿಲ್ಲ. ಅವರಲ್ಲಿಬ್ಬರು ಪಾಗಾರದಿಂದ ಇಳಿದುಬಂದು, ಸೇಫ್ಟಿಪಿನ್ನಿನಿಂದ ಎಳೆ ಬಿಡಿಸಲು ಕುಳಿತರು. ಜನವರಿಯ ಹೊತ್ತಿಗೆ ಗುಂಡಿ ಐದಕ್ಕೆ ಇಳಿದಿತ್ತು, ಟಯರಿನೊಳಗೆ ಹತ್ತಕ್ಕೆ ನಾಲ್ಕು ಬೀಳುತ್ತಿದ್ದುವು.

ಫೆಬ್ರವರಿಯಲ್ಲಿ ಹೊಳೆಗೆ ಹೋದೆ. ಸೇತುವೆಯ ಮೂರನೆಯ ಕಂಬದ ನೆರಳಿಗೆ ಎಸೆದ ಆರನೆಯ ಎಸೆತಕ್ಕೆ ಚೆಂಪಲ್ಲಿಯೊಂದು ಕಚ್ಚಿತು; ಮುಕ್ಕಾಲು ಕಿಲೋ ಇದ್ದೀತು. ಚಿತ್ರ ನೋಡಿ ಅಣ್ಣನ ಮಗ ಸಂತೋಷಪಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ರೀಲು?" ಎಂದ.

ಮೊನ್ನೆ ಅದನ್ನು ಹೊರತೆಗೆದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಹೊಸ ದಾರ ಸುತ್ತಿದೆ. ದಾರ ಬಿಗಿಯಾಗಿ ಕೂರಲೆಂದು ನನ್ನ ಹೆಂಡತಿ ಎಡಗೈಗೆ ರೀಲಿನ ಹಿಡಿಕೆ ಸಿಗುವಂತೆ ಅದನ್ನು ಅದುಮಿ ಹಿಡಿದಳು. ಓಡುವ ದಾರವನ್ನು ನಾನು ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿಕೊಂಡೆ. ಅರ್ಧ ಉರುಳೆ ತುಂಬುವಷ್ಟರಲ್ಲಿ ಹೆಬ್ಬೆರಳು ಬಿಸಿಯಾದಂತೆ ತೋರಿತು. ಭ್ರಮೆಯಿರಬಹುದೆಂದು ಸುತ್ತುವುದನ್ನು ನಿಲ್ಲಿಸಿ, ಮುಟ್ಟಿ ನೋಡು ಎಂದು ಅವಳಿಗೆ ಕೈ ಚಾಚಿದೆ.

"ಹೌದು, ಬಿಸಿಯಾಗಿದೆ" ಎಂದಳು.