ಮೂರೂ ಕಾಲು

ಕಳೆದ ವರ್ಷ ತಂಗಿ ನನ್ನನ್ನು ಬೆಂಗಳೂರಿಗೆ ಕಳುಹಿಸಿದ್ದು ಅವಳ ಮಗನಿಗೆ ಬುದ್ಧಿ ಹೇಳುವುದಕ್ಕೆ. ಇದ್ದ ಕೆಲಸ ಬಿಟ್ಟು ಅವನು ಗಿಟಾರು ಹಿಡಿದು ಕೂತಿದ್ದ. "ಅಣ್ಣ, ನೀನು ಮಾಷ್ಟ್ರು, ನೀನು ಹೇಳಿದರೆ ಕೇಳಿಯಾನು. ಪಿಎಸ್‌ಸಿ ಪರೀಕ್ಷೆ ಬರೆಯಲಿ, ಊರಲ್ಲೇ ಇರಲಿ" ಎಂದಳು.

ಮಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಅವನ ಕೋಣೆ ಸೇರಿದೆ. ನಾನು ಬಾಯಿ ತೆರೆಯುವ ಮೊದಲೇ "ಮಾವ, ಇದಕ್ಕೆ ತಾಳ ಹಾಕಿ ನೋಡುವ" ಎಂದು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಎಂಬ 1973ರ ಹಾಡು ಹಾಕಿದ. ಬೆರಳಲ್ಲಿ ಎಣಿಸಿದೆ. ಏಳು! ನಮ್ಮ ತ್ರಿವುಡೆಗೂ ಏಳೇ ಅಕ್ಷರವಲ್ಲವೇ? ನಾನು ಬೀಗುತ್ತಿರುವಾಗಲೇ ಗಿಟಾರಿನ ಸರದಿ ಬಂತು, ಏಳು ಇದ್ದದ್ದು ನಾಲ್ಕಾಯಿತು, ನನ್ನ ತಾಳ ತಪ್ಪಿತು. ಅಳಿಯ ನಕ್ಕ. ಹೀಗೆ ತಾಳ ಬದಲಿಸುತ್ತ, ಹಾಡನ್ನು ಪ್ರಸಂಗದ ಹಾಗೆ ಬೆಳೆಸಿಕೊಂಡು ಹೋಗುವ ರಾಕ್ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರಂತೆ.

ಅವನ ಗುರು ಸ್ಥಾನದಲ್ಲಿರುವವರು ಮಾತ್ರ ಬೆಂಗಳೂರಿನವರೇ, ಬ್ರೂಸ್ ಲೀ ಮಣಿ. ಹೆಸರು ಕೇಳಿ ಕರಾಟೆಯವರೆಂದೇ ಎಣಿಸಿದ್ದೆ. 1996ರಲ್ಲಿ ಶುರುವಾದ 'ಥರ್ಮಲ್ ಆ್ಯಂಡ್ ಎ ಕ್ವಾರ್ಟರ್' ತಂಡದಲ್ಲಿ ಗಿಟಾರು ಬಾರಿಸುವವರೂ ಅವರೇ, ಹಾಡುವವರೂ ಅವರೇ. ಭಾಗವತಿಕೆ, ಮದ್ದಳೆ ಎರಡನ್ನೂ ಒಬ್ಬನೇ ಮಾಡಿದ ಹಾಗೆ! ರಾಕ್‌ಗೆ ಜಾಝ್, ಫಂಕ್ ಬೆರೆಸಿ ಅದಕ್ಕೆ 'ಬೆಂಗಳೂರು ರಾಕ್' ಎಂದು ಹೆಸರಿಟ್ಟುಕೊಂಡರು. ಪೂರ್ತಿ ಪ್ರೊಗ್ರೆಸಿವ್ ಅಲ್ಲ, ಆ ಕಡೆಗೆ ವಾಲುವಂಥದ್ದು ಎಂದು ಅಳಿಯನ ತಿದ್ದುಪಡಿ. 2012ರಲ್ಲಿ 'ತ್ರೀ ವೀಲ್ಸ್ ನೈನ್ ಲೈವ್ಸ್' ಎಂದು ಮೂರು ಸೀಡಿಗಳ ಆಲ್ಬಂ ತಂದರು. ಮೂರು ಚಕ್ರವೆಂದರೆ ನಮ್ಮ ಆಟೋರಿಕ್ಷಾವೇ. ಟಾಕಾಡೆಮಿ ಎಂಬ ಸಂಗೀತ ಶಾಲೆಯನ್ನೂ ಕಟ್ಟಿದ್ದಾರೆ.

"ಎಲ್ಲ ಇಂಗ್ಲಿಷು. ಇದು ನಮ್ಮದು ಹೇಗಾಗುತ್ತದೆ ಮಾರಾಯ?" ಎಂದೆ.

ಆಗ ಅವನು ತಂಡದ ಹೆಸರಿನ ಕತೆ ಹೇಳಿದ. ಮೊದಲಿಗೆ ಇದ್ದ ನಾಲ್ವರಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಭಾಗ ಮಲಯಾಳಿ. ಇಂಗ್ಲಿಷಿನಲ್ಲಿ 'ತ್ರೀ ಮಲ್' ಎಂದದ್ದೇ ತಿರುಚಿ 'ಥರ್ಮಲ್' ಆಯಿತಂತೆ.

ನಾನು ಸುಮ್ಮನಾದೆ. ಹಿಂದೊಮ್ಮೆ ಊರಿನ ಒಂದು ಕಚೇರಿಯಲ್ಲಿ ಕನ್ನಡದಲ್ಲಿ ಬರೆದ ನನ್ನ ಅರ್ಜಿಯನ್ನು, ಮಲಯಾಳದಲ್ಲಿ ಬರೆದು ತನ್ನಿ ಎಂದು ಹಿಂದೆ ಕೊಟ್ಟಿದ್ದರು. ಅವತ್ತು ಅದೇ ಬೆಂಗಳೂರಿನ ಚಹಾದಂಗಡಿಯಲ್ಲಿ, "ಕೇರಳದವರಾ? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಎಂಬ ಮೆಚ್ಚುಗೆ. ಎರಡು ಕಡೆಯೂ ನನಗೆ ಮುಖ ಕೆಂಪಾದದ್ದೇ. ಈ ಹುಡುಗರು ಅಂಥದೇ ಲೆಕ್ಕವನ್ನು ತಮಾಷೆ ಮಾಡಿ, ಹೆಸರಾಗಿ ಬರೆದು ವೇದಿಕೆ ಹತ್ತಿದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ನಮಗೆ ಅಷ್ಟು ಧೈರ್ಯ ಯಾಕೆ ಬರಲಿಲ್ಲವೋ.

ಸಂಜೆ ಅಳಿಯ ತಾನೇ ಕಟ್ಟಿದ ಒಂದು ರಾಗ ಬಾರಿಸಿದ. ಅದು ಏಳರ ಲೆಕ್ಕದ್ದು. ಈ ಸಲ ನಾನು ತಪ್ಪಲಿಲ್ಲ. ಪಿಎಸ್‌ಸಿ ವಿಷಯ ಬಾಯಿಗೆ ಬರಲೇ ಇಲ್ಲ.

ಊರಿಗೆ ಬಂದು ತಂಗಿಗೆ, "ಇನ್ನೊಂದು ವರ್ಷ ನೋಡುವ" ಎಂದೆ. ಅವಳು ಏನೂ ಹೇಳಲಿಲ್ಲ. ಯಾವಾಗಲೂ ಒತ್ತಾಯಿಸುವವಳು, ಅವತ್ತು ಎರಡನೇ ಲೋಟ ಚಹಾ ಬೇಕಾ ಎಂದೂ ಕೇಳಲಿಲ್ಲ.