ವಿಶ್ವನಾಥ ಗಲ್ಲಿಯಲ್ಲಿ ಒಬ್ಬ ಫೀಲ್ಡರ್

ಕಾಶಿಯ ಮಾತು ಬಂದಾಗಲೆಲ್ಲ ಅಪ್ಪ ಒಂದೇ ಜೋಕು ಹೇಳುತ್ತಿದ್ದರು: "ವಿಶ್ವನಾಥನಿಗೆ ಗಲ್ಲಿಯಲ್ಲಿ ಒಬ್ಬನೇ ಫೀಲ್ಡರ್ ಸಾಲಲ್ಲ ಕಣೋ."

ನಾವು ಭದ್ರಾವತಿಯವರು. ಅಪ್ಪನ ಪಾಲಿಗೆ ವಿಶ್ವನಾಥ ಎಂದರೆ ಮೊದಲು 1949ರಲ್ಲಿ ನಮ್ಮೂರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್, ದೇವರು ಆಮೇಲೆ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರೂ ಭಾರತ 190 ಮುಟ್ಟಿತ್ತು. ಅದರಲ್ಲಿ 97 ವಿಶಿಯದೇ, ಅದೂ ಔಟಾಗದೆ. ರೇಡಿಯೋದಲ್ಲಿ ಕೇಳಿದ ಆ ಇನಿಂಗ್ಸನ್ನು ಅಪ್ಪ ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು.

ನನಗೆ ಆಟದ ಚಿತ್ರಗಳ ಲಿಮಿಟೆಡ್ ಎಡಿಷನ್ ಪ್ರಿಂಟ್ ಕೂಡಿಡುವ ಹುಚ್ಚು. ಕಲಾವಿದರು ಲಿನೋ ಹಾಳೆ ಕೆತ್ತಿ, ಮೊದಲೇ ಗೊತ್ತು ಮಾಡಿಕೊಂಡಷ್ಟು ಪ್ರತಿ ತೆಗೆದು, ಆಮೇಲೆ ಅಚ್ಚಿಗೆ ಗೀರು ಹಾಕಿ ಕೆಡಿಸಿಬಿಡುತ್ತಾರೆ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ. 7/20 ಎಂದರೆ ಇಪ್ಪತ್ತರಲ್ಲಿ ಏಳನೆಯದು. ಪ್ರಾಜೆಕ್ಟ್ ಮ್ಯಾನೇಜರ್ ಬುದ್ಧಿಗೆ ಈ ಶಿಸ್ತು ಹಿಡಿಸುತ್ತದೆ.

ಆ 7/20 ಸಿಕ್ಕಿದ್ದು ಬೆಂಗಳೂರಿನ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿನಿಯ ಹತ್ತಿರ. ಕುಳ್ಳ ಬ್ಯಾಟ್ಸ್‌ಮನ್ ಒಬ್ಬ ಸ್ಕ್ವೇರ್ ಕಟ್ ಹೊಡೆಯುತ್ತಿದ್ದಾನೆ, ಹೆಸರಿಲ್ಲ. ಪುಣೆಯ ನಮ್ಮ ಮನೆಗೆ ಬಂದ ಅಪ್ಪ ನೋಡಿದ ಕೂಡಲೇ, "ಮಣಿಕಟ್ಟು ನೋಡು, ನಮ್ಮ ವಿಶಿ!" ಎಂದರು. ಎರಡು ದಿನ ಬಿಟ್ಟು, "ಇದನ್ನ ನನ್ನ ರೂಮಲ್ಲಿ ಹಾಕ್ತೀಯೇನೋ?" ಎಂದು ಕೇಳಿದರು.

ಅವರ ರೂಮಿಗೆ ಪಶ್ಚಿಮದ ಬಿಸಿಲು. "ಬಣ್ಣ ಹೋಗುತ್ತೆ ಅಪ್ಪ, ಲಿಮಿಟೆಡ್ ಎಡಿಷನ್ ಅದು" ಎಂದೆ.

"ಹಾಗಾದ್ರೆ ಬೇಡ ಬಿಡು" ಎಂದರು. ಮತ್ತೆ ಕೇಳಲಿಲ್ಲ.

ಹೋದ ಕಾರ್ತಿಕದಲ್ಲಿ ಅಮ್ಮನನ್ನು ಕರೆದುಕೊಂಡು ಅಪ್ಪನ ಅಸ್ಥಿಯೊಂದಿಗೆ ಕಾಶಿಗೆ ಹೋದೆ. ಗಂಗೆಯಲ್ಲಿ ಬಿಟ್ಟಾದ ಮೇಲೆ ದರ್ಶನಕ್ಕೆಂದು ವಿಶ್ವನಾಥ ಗಲ್ಲಿ ಹೊಕ್ಕೆವು. ಬಳೆ, ಹಿತ್ತಾಳೆ, ಕುಂಕುಮ, ಮರದ ಆಟಿಕೆ. ಎದುರಿಗೆ ಬಂದವರಿಗೆ ಭುಜ ಓರೆ ಮಾಡಿಯೇ ದಾರಿ ಬಿಡಬೇಕು. ಅಮ್ಮ ತಟ್ಟನೆ ನಿಂತು, "ಇಲ್ಲಿ ಫೀಲ್ಡರ್ ಎಲ್ಲಿ ನಿಂತ್ಕೋತಾನೋ?" ಎಂದು ನಕ್ಕರು. ಅಪ್ಪ ಹೋದ ಮೇಲೆ ಅವರು ನಕ್ಕಿದ್ದು ಅವತ್ತೇ.

ದೇವಸ್ಥಾನದೊಳಗೆ ಮೊಬೈಲ್ ಬಿಡುವುದಿಲ್ಲ. ಅದನ್ನು ಇಡಲೆಂದು ಪಟಗಳ ಅಂಗಡಿಯೊಂದಕ್ಕೆ ಹೋದೆವು. ಗಲ್ಲಾದ ಮೇಲೆ ಗದೆ ಹಿಡಿದ ಹನುಮಂತನ ಪಟ, ಥೇಟ್ ಪೈಲ್ವಾನ್ ಮೈಕಟ್ಟು. ಬನಾರಸಿನ ಅಖಾಡಗಳಲ್ಲೂ ನಮ್ಮ ಗರಡಿಮನೆಗಳಲ್ಲೂ ಕುಸ್ತಿಗೆ ಮುಂಚೆ ಕೈಮುಗಿಯುವುದು ಇವನಿಗೇ. ಊದುಬತ್ತಿಯ ಹೊಗೆಗೆ ಅಂಚು ಕಪ್ಪಾಗಿತ್ತು, ಗಾಜಿನ ಮೇಲೆ ಕುಂಕುಮ ಪದರಗಟ್ಟಿತ್ತು. ಸಂಗ್ರಹಕಾರನ ಚಪಲ, ಬೆಲೆ ಕೇಳಿದೆ.

ಅಂಗಡಿಯವ ಕೆಳಗಿನ ಕಟ್ಟಿನಿಂದ ಅದೇ ಚಿತ್ರದ ಹೊಸ ಪ್ರತಿ ಎಳೆದ. "ಇದು ಮಾರೋಕೆ, ಭೈಯಾ. ಅದು ನಮ್ಮಪ್ಪ ಹಾಕಿದ್ದು."

ಎಷ್ಟು ಪ್ರತಿ ಅಚ್ಚಾಗಿವೆ ಎಂದು ಕೇಳುವ ಮನಸ್ಸಾಗಲಿಲ್ಲ. ಹೊಸದನ್ನು ಕೊಂಡು ಅಮ್ಮನ ಕೈಗಿತ್ತೆ.

ಪುಣೆಗೆ ಬಂದ ಮೇಲೆ 7/20ರ ಹಿಂಬದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಬಿಸಿಲಿಗೆ ಇದು ಎಷ್ಟು ವರ್ಷ ಬಾಳುತ್ತದೆಂದು ಆ ಹುಡುಗಿಯನ್ನು ಕೇಳಿದೆ. "ಸರ್, ಅದು ಎಣ್ಣೆ ಬೆರೆಸಿದ ಕಪ್ಪು ಇಂಕು, ಕಾರ್ಬನ್. ಅಷ್ಟು ಸುಲಭಕ್ಕೆ ಮಾಸಲ್ಲ. ಪೇಪರ್ ಸ್ವಲ್ಪ ಹಳದಿ ಆಗಬಹುದು, ಅಷ್ಟೇ" ಎಂದಳು.

ಎಂಟೆಕ್ ಮಾಡಿದವನು ನಾನು. ಕೇಳಿ ತಿಳಿಯಲು ಒಂದು ಫೋನ್ ಸಾಕಿತ್ತು. ಅಪ್ಪ ಇದ್ದಾಗ ಮಾಡಲಿಲ್ಲ.

ಈಗ ಅದು ಪಶ್ಚಿಮದ ರೂಮಿನಲ್ಲಿದೆ. ಸಂಜೆ ನಾಲ್ಕರ ಹೊತ್ತಿಗೆ ಬಿಸಿಲು ನೇರವಾಗಿ ಬ್ಯಾಟಿನ ಮೇಲೆ ಬೀಳುತ್ತದೆ. ಮೊನ್ನೆ ನೋಡಿದರೆ ಗಾಜಿನ ಮೇಲೆ ಅಮ್ಮ ಇಟ್ಟ ಕುಂಕುಮದ ಬೊಟ್ಟು. ಒರೆಸಲಿಲ್ಲ.